ತಾಯಿಗೆ ಗರ್ಭಾಶಯದ ಕ್ಯಾನ್ಸರ್, ಸೋದರಮಾವನಿಗೆ ಕರುಳಿನ ಕ್ಯಾನ್ಸರ್: ಒಳಪರೀಕ್ಷೆ ಇಲ್ಲದೆ ನನ್ನನ್ನು ತಪಾಸಣೆ ಮಾಡುವ ದಾರಿ ಇದೆಯೇ?

ಪ್ರಶ್ನೆ: ಬದಿಯಡ್ಕದ ಟೀಚರ್

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಅಧ್ಯಾಪಿಕೆಯಾಗಿದ್ದೇನೆ, ಇಬ್ಬರು ಮಕ್ಕಳಿದ್ದಾರೆ. ನನ್ನ ತಾಯಿಗೆ 49ನೇ ವಯಸ್ಸಿನಲ್ಲಿ ಗರ್ಭಾಶಯದ ಒಳಪದರದ ಕ್ಯಾನ್ಸರ್ ಇರುವುದು ತಿಳಿಯಿತು. ಮುಟ್ಟು ನಿಂತು ಒಂದೂವರೆ ವರ್ಷವಾದ ಮೇಲೆ ಬಟ್ಟೆಯಲ್ಲಿ ಆಗಾಗ ಕಲೆ ಕಾಣಿಸಿಕೊಳ್ಳುತ್ತಿತ್ತು. ಉಷ್ಣವಾಗಿರಬೇಕು ಎಂದು ಅಮ್ಮ ಎಳನೀರು, ಜೀರಿಗೆ ಕಷಾಯ ಕುಡಿದುಕೊಂಡು ಎಂಟು ತಿಂಗಳು ಕಳೆದರು. ತೋರಿಸಿದ ಒಬ್ಬ ವೈದ್ಯರೂ ಈ ಪ್ರಾಯದಲ್ಲಿ ಇದೆಲ್ಲ ಸಾಮಾನ್ಯ ಎಂದು ಮಾತ್ರೆ ಬರೆದುಕೊಟ್ಟು ಕಳುಹಿಸಿದ್ದರು. ಕೊನೆಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಈಗ ಹನ್ನೊಂದು ವರ್ಷವಾಗಿದೆ, ದೇವರ ದಯೆಯಿಂದ ಆರೋಗ್ಯವಾಗಿದ್ದಾರೆ.

ಅದು ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಕಳೆದ ಮಳೆಗಾಲದಲ್ಲಿ ಅಮ್ಮನ ತಮ್ಮನಿಗೆ, ಅಂದರೆ ನನ್ನ ಸೋದರಮಾವನಿಗೆ, 52ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಅಜ್ಜಿಯೂ ಐವತ್ತರ ಒಳಗೆ ‘ಹೊಟ್ಟೆಯಲ್ಲಿ ಗಡ್ಡೆಯಾಗಿ’ ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ; ಅದು ಯಾವ ಗಡ್ಡೆ ಎಂದು ತಿಳಿದವರು ಈಗ ಯಾರೂ ಇಲ್ಲ.

ನಾನು ಎರಡು ವರ್ಷದ ಹಿಂದೆ ಒಂದು ಆರೋಗ್ಯ ಶಿಬಿರದಲ್ಲಿ ಪ್ಯಾಪ್ ಸ್ಮಿಯರ್ ಮಾಡಿಸಿಕೊಂಡಿದ್ದೆ. ಫಲಕದಲ್ಲಿ ಮಲಯಾಳದಲ್ಲಿ ‘ಗರ್ಭಾಶಯಗಳ ಕ್ಯಾನ್ಸರ್’ ತಪಾಸಣೆ ಎಂದೇ ಬರೆದಿತ್ತು. ವರದಿ ಸರಿಯಾಗಿ ಬಂದಿತ್ತು. ಹಾಗಾದರೆ ನಾನು ನಿಶ್ಚಿಂತೆಯಿಂದ ಇರಬಹುದೇ? ಅಲ್ಲವಾದರೆ, ಸ್ಕ್ಯಾನಿಂಗ್, ರಕ್ತಪರೀಕ್ಷೆ, ಮೂತ್ರಪರೀಕ್ಷೆಯಂಥ ಹೊರಗಿನಿಂದ ಮಾಡುವ ಯಾವುದಾದರೂ ತಪಾಸಣೆ ಇದೆಯೇ? ನನಗಿಂತಲೂ ನನ್ನ ತಂಗಿಯ ಯೋಚನೆ ಹೆಚ್ಚು. ಅವಳಿಗೆ 33 ವರ್ಷ, ಮದುವೆಯಾಗಿಲ್ಲ, ಒಳಪರೀಕ್ಷೆ ಎಂಬ ಮಾತು ಕೇಳಿದರೇ ಎದ್ದು ಹೋಗುತ್ತಾಳೆ.

ಉತ್ತರ 1: ಗಡಿಯಾಚೆಯ ಡಾಕ್ಟರ್

ಟೀಚರ್, ನಾನು ಮಂಜೇಶ್ವರದವಳು. ಮಂಗಳೂರಿನಲ್ಲಿ ಮೂವತ್ತು ವರ್ಷ ಸ್ತ್ರೀರೋಗ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಮೊದಲು ಚಿಕ್ಕ ಉತ್ತರ ಹೇಳಿಬಿಡುತ್ತೇನೆ. ನಿಮ್ಮಂಥ ಕುಟುಂಬದ ಹಿನ್ನೆಲೆಯಿರುವವರಲ್ಲಿ, ಯಾವ ತೊಂದರೆಯೂ ಕಾಣಿಸಿಕೊಳ್ಳುವ ಮೊದಲೇ ಈ ಕ್ಯಾನ್ಸರನ್ನು ಹಿಡಿದು ತೋರಿಸುವ, ಬಯಾಪ್ಸಿಯ (ಗರ್ಭಾಶಯದ ಒಳಪದರದ ಚೂರು ತೆಗೆದು ನೋಡುವ ಪರೀಕ್ಷೆಯ) ಬದಲಿಗೆ ನೆಚ್ಚಿಕೊಳ್ಳಬಹುದಾದ ಹೊರಗಿನ ತಪಾಸಣೆ ಇವತ್ತಿಗೆ ಇಲ್ಲ. ಆದರೆ ನಿಮಗೂ ನಿಮ್ಮ ತಂಗಿಗೂ ಆ ಬಯಾಪ್ಸಿಯ ಅಗತ್ಯ ಇದೆಯೇ ಎಂಬುದನ್ನು ತೀರ್ಮಾನಿಸುವ ಪರೀಕ್ಷೆಗೆ ತೋಳಿನಿಂದ ತೆಗೆದ ಒಂದು ಟ್ಯೂಬ್ ರಕ್ತ ಸಾಕು, ಮತ್ತು ಅದನ್ನು ಮೊದಲು ಮಾಡಿಸಬೇಕಾದವರು ನೀವಲ್ಲ, ನಿಮ್ಮ ತಾಯಿ ಅಥವಾ ಸೋದರಮಾವ.

ಪ್ಯಾಪ್ ಸ್ಮಿಯರ್ ವಿಷಯ. ಅದು ಗರ್ಭಕೊರಳಿನಿಂದ, ಅಂದರೆ ಗರ್ಭಾಶಯದ ಬಾಯಿಯಿಂದ, ಕೋಶಗಳನ್ನು ಒರೆಸಿ ತೆಗೆದು ನೋಡುವ ಪರೀಕ್ಷೆ. ಹೆಚ್ಚಾಗಿ ಎಚ್‌ಪಿವಿ ವೈರಸ್ಸಿನಿಂದ ಬರುವ ಗರ್ಭಕೊರಳಿನ ಕ್ಯಾನ್ಸರಿಗೆ ಅದು ಒಳ್ಳೆಯ ತಪಾಸಣೆ. ನಿಮ್ಮ ತಾಯಿಗೆ ಬಂದದ್ದು ಅದಕ್ಕಿಂತ ಮೇಲೆ, ಗರ್ಭಾಶಯದ ಒಳಗೋಡೆಯ ಪದರದಲ್ಲಿ. ಅಲ್ಲಿಂದ ಉದುರಿದ ಕೋಶಗಳು ಒಮ್ಮೊಮ್ಮೆ ಕೆಳಗಿಳಿದು ಪ್ಯಾಪ್ ಸ್ಮಿಯರಿನಲ್ಲಿ ಕಾಣಿಸುವುದುಂಟು. ಆದರೆ ಕಾಣಿಸಲಿಲ್ಲ ಎಂಬುದರಿಂದ ರೋಗವಿಲ್ಲ ಎಂದು ಹೇಳಲಾಗದು. ಸರಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ನಡೆಸುವ ತಪಾಸಣೆಯೂ ಬಾಯಿ, ಸ್ತನ, ಗರ್ಭಕೊರಳು ಈ ಮೂರು ಕ್ಯಾನ್ಸರುಗಳಿಗೆ ಮಾತ್ರ.

ಇನ್ನು ಸ್ಕ್ಯಾನಿಂಗ್. ಮುಟ್ಟು ಪೂರ್ತಿ ನಿಂತ ಮೇಲೆ ರಕ್ತ ಕಾಣಿಸಿಕೊಂಡವರಲ್ಲಿ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬಹಳ ಉಪಯುಕ್ತ. ಒಳಪದರದ ದಪ್ಪ 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕ್ಯಾನ್ಸರಿನ ಸಾಧ್ಯತೆ ನೂರರಲ್ಲಿ ಒಂದಕ್ಕೂ ಕಡಿಮೆ. ಆದರೆ ನಿಮಗಿನ್ನೂ ಮುಟ್ಟು ನಿಂತಿಲ್ಲ. ನಿಮ್ಮ ವಯಸ್ಸಿನಲ್ಲಿ ಆ ಪದರ ಮುಟ್ಟು ಮುಗಿದ ಕೂಡಲೇ ಮೂರು ನಾಲ್ಕು ಮಿಲಿಮೀಟರ್ ಇದ್ದು, ಮುಂದಿನ ಮುಟ್ಟಿನ ಹೊತ್ತಿಗೆ ಹದಿನೈದರವರೆಗೆ ಬೆಳೆದರೂ ಅದು ಸಹಜವೇ. ಹಾಗಾಗಿ ನಿಮ್ಮಲ್ಲಿ ದಪ್ಪ ಅಳೆದು ಕ್ಯಾನ್ಸರ್ ಊಹಿಸುವುದೆಂದರೆ, ಎಷ್ಟು ಒಣಗಿದೆ ಎಂದು ನೋಡದೆ ಅಡಿಕೆಯನ್ನು ತೂಕಕ್ಕೆ ಹಾಕಿದ ಹಾಗೆ. ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನ್ ಈ ಕೆಲಸಕ್ಕೆ ಇನ್ನೂ ಮಂದ. ‘ಒಳಪದರ ದಪ್ಪ ಇದೆ’ ಎಂಬ ಒಂದು ಸಾಲಿನ ವರದಿ ಹಿಡಿದುಕೊಂಡು ನಿದ್ದೆಗೆಟ್ಟು ಬಂದ ಮೂವತ್ತರ ಪ್ರಾಯದ ಎಷ್ಟೋ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ಮುಟ್ಟಾಗಲು ಎರಡು ದಿನ ಬಾಕಿಯಿತ್ತು, ಅಷ್ಟೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಒಂದೇ ಕುಟುಂಬದಲ್ಲಿ ಗರ್ಭಾಶಯದ ಒಳಪದರದ ಕ್ಯಾನ್ಸರೂ ದೊಡ್ಡ ಕರುಳಿನ ಕ್ಯಾನ್ಸರೂ ಚಿಕ್ಕ ವಯಸ್ಸಿನಲ್ಲಿ ಬಂದರೆ ಲಿಂಚ್ ಸಿಂಡ್ರೋಮ್ ಎಂಬ ಆನುವಂಶಿಕ ಸ್ಥಿತಿಯನ್ನು ಸಂಶಯಿಸಬೇಕು. ಕೋಶ ವಿಭಜನೆಯಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪುಗಳನ್ನು ತಿದ್ದುವ ಜೀನುಗಳಿವೆ: ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2. ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ, ತಿದ್ದುವವರಿಲ್ಲದ ಉತ್ತರಪತ್ರಿಕೆಯ ಹಾಗೆ ತಪ್ಪುಗಳು ರಾಶಿ ಬೀಳುತ್ತವೆ. ಮೊದಲ ಮೂರು ಜೀನುಗಳ ದೋಷವಿರುವ ಹೆಂಗಸರಲ್ಲಿ 75 ವರ್ಷದೊಳಗೆ ಗರ್ಭಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ನೂರಕ್ಕೆ ಸುಮಾರು 35ರಿಂದ 50. ಪಿಎಂಎಸ್2 ಆದರೆ ಸುಮಾರು 13. ತಂದೆ ಅಥವಾ ತಾಯಿಯಲ್ಲಿ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ.

ಇದರ ಚರಿತ್ರೆಯೇ ಒಬ್ಬ ಹೆಂಗಸಿನ ಮಾತಿನಿಂದ ಶುರುವಾಗುತ್ತದೆ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಆಲ್ಡ್ರೆಡ್ ವಾರ್ಥಿನ್ ಎಂಬ ರೋಗಶಾಸ್ತ್ರಜ್ಞರಿಗೆ ಬಟ್ಟೆ ಹೊಲಿದುಕೊಡುತ್ತಿದ್ದಾಕೆ, ತನ್ನ ಕುಟುಂಬದವರ ಹಾಗೆಯೇ ತಾನೂ ಕರುಳಿನ ಅಥವಾ ಗರ್ಭಾಶಯದ ಕ್ಯಾನ್ಸರಿನಿಂದಲೇ ಸಾಯುವೆನೆಂದು ಹೇಳಿದ್ದಳು, ಹಾಗೆಯೇ ಆಯಿತು. ವಾರ್ಥಿನ್ ಆ ಕುಟುಂಬದ ವಂಶವೃಕ್ಷವನ್ನು 1913ರಲ್ಲಿ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಅದನ್ನು ಮುಂದುವರಿಸಿದರು. ನಿಮ್ಮ ಅಜ್ಜಿಯ ‘ಹೊಟ್ಟೆಯ ಗಡ್ಡೆ’ಯನ್ನು ನೀವು ಇಲ್ಲಿ ಬರೆದಿರಲ್ಲ, ಅದು ಅಷ್ಟೇ ಬೆಲೆಯುಳ್ಳ ಮಾಹಿತಿ.

ಉತ್ತರ 2: ಕುಂಬಳೆ ನಿವಾಸಿ

ಟೀಚರ್ ಹೇಳಿದ ಆ ಫಲಕದ ವಿಷಯದಲ್ಲಿ ಒಂದು ಮಾತು. ಮಲಯಾಳದ ‘ಗರ್ಭಾಶಯಗಳ’ ಎಂಬುದರಲ್ಲಿ ‘ಗಳ’ ಎಂದರೆ ಕೊರಳು. ಗರ್ಭಾಶಯದ ಕೊರಳಿನ ಕ್ಯಾನ್ಸರ್ ಎಂದು ಅದರ ಅರ್ಥ. ನಾವು ಕನ್ನಡದವರು ಅದನ್ನು ಬಹುವಚನದ ‘ಗಳ’ ಎಂದು ಓದಿಕೊಂಡು, ಎಲ್ಲ ಗರ್ಭಾಶಯದ ಕ್ಯಾನ್ಸರಿಗೂ ಇಲ್ಲಿ ತಪಾಸಣೆಯಾಗುತ್ತದೆ ಎಂದು ತಿಳಿಯುತ್ತೇವೆ. ಕನ್ನಡದಲ್ಲಿಯೂ ಎರಡಕ್ಕೂ ‘ಗರ್ಭಕೋಶದ ಕ್ಯಾನ್ಸರ್’ ಎಂದೇ ಹೇಳುವುದರಿಂದ ಗೊಂದಲ ಇನ್ನಷ್ಟು ಹೆಚ್ಚಾಗಿದೆ.

ನನ್ನದೂ ಒಂದು ಸಲಹೆ. ಈಗ ಲ್ಯಾಬಿನವರು ಮನೆಗೇ ಬಂದು ರಕ್ತ ತೆಗೆದು ಮಾಡುವ ‘ಮಹಿಳಾ ಕ್ಯಾನ್ಸರ್ ಪ್ಯಾಕೇಜ್’ ಇದೆ; ಅದರಲ್ಲಿ ರಕ್ತದ ಒಂದು ಪ್ರೋಟೀನನ್ನು ಅಳೆಯುವ ಸಿಎ-125 ಎಂಬ ಪರೀಕ್ಷೆಯೂ ಸೇರಿದೆ. ನನ್ನ ಅತ್ತಿಗೆ ವರ್ಷಕ್ಕೊಮ್ಮೆ ಮಾಡಿಸುತ್ತಾರೆ. ತಂಗಿಗೆ ಅದು ಅನುಕೂಲವಾಗಲಾರದೇ?

ಉತ್ತರ 3: ಗಡಿಯಾಚೆಯ ಡಾಕ್ಟರ್

‘ಗಳ’ದ ವಿವರಣೆಗೆ ಧನ್ಯವಾದ. ಇಷ್ಟು ವರ್ಷ ಈ ಗೊಂದಲ ಎಲ್ಲಿಂದ ಬರುತ್ತದೆ ಎಂದು ನನಗೇ ಹೊಳೆದಿರಲಿಲ್ಲ.

ಆದರೆ ಸಿಎ-125 ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಮುಟ್ಟಿನ ದಿನಗಳಲ್ಲಿ, ಎಂಡೊಮೆಟ್ರಿಯೋಸಿಸ್ (ಒಳಪದರದಂಥ ಅಂಗಾಂಶ ಗರ್ಭಾಶಯದ ಹೊರಗೆ ಬೆಳೆಯುವ ತೊಂದರೆ) ಇದ್ದಾಗ, ಗರ್ಭಾಶಯದಲ್ಲಿ ಸಾಧಾರಣ ನಾರುಗಡ್ಡೆ ಇದ್ದಾಗಲೂ ಅದು ಏರುತ್ತದೆ. ಗರ್ಭಾಶಯದ ಕ್ಯಾನ್ಸರ್ ಆರಂಭದ ಹಂತದಲ್ಲಿ ಇದ್ದಾಗ ಹೆಚ್ಚಾಗಿ ಏರುವುದೇ ಇಲ್ಲ. ರಕ್ತದಲ್ಲಿ ಕ್ಯಾನ್ಸರಿನ ಡಿಎನ್‌ಎ ಹುಡುಕುವ ಹೊಸ ಪರೀಕ್ಷೆಗಳ ತೊಡಕೂ ಇಂಥದೇ, ಏಕೆಂದರೆ ಈ ಗಡ್ಡೆ ಚಿಕ್ಕದಿರುವಾಗ ರಕ್ತಕ್ಕೆ ಬಿಡುವ ಡಿಎನ್‌ಎ ಬಹಳ ಕಡಿಮೆ.

ಗಡ್ಡೆಯ ಕೋಶಗಳು ಉದುರುವುದು ಕೆಳಮುಖವಾಗಿ. ಹೊಸ ಸಂಶೋಧನೆಗಳೆಲ್ಲ ಹಿಡಿದಿರುವುದು ಈ ಎಳೆಯನ್ನೇ. 2018ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನವರು ಪ್ಯಾಪ್ ಬ್ರಶ್ಶಿನಿಂದ ತೆಗೆದ ದ್ರವದಲ್ಲಿ ಕ್ಯಾನ್ಸರಿನ ಜೀನ್ ಬದಲಾವಣೆಗಳನ್ನು ಹುಡುಕಿ, ಗರ್ಭಾಶಯದ ಒಳಪದರದ ಕ್ಯಾನ್ಸರುಗಳಲ್ಲಿ ನೂರಕ್ಕೆ 81ನ್ನು ಗುರುತಿಸಿದರು. ಆ ಪರೀಕ್ಷೆಗೆ ಪ್ಯಾಪ್‌ಸೀಕ್ ಎಂದು ಹೆಸರು. ಯುರೋಪಿನ ಇನ್ನೊಂದು ತಂಡ ಯೋನಿಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿಯಲ್ಲಿ ಎರಡು ಜೀನುಗಳ ಮೇಲೆ ಅಂಟಿಕೊಂಡಿರುವ ಮಿಥೈಲ್ ಎಂಬ ರಾಸಾಯನಿಕ ಗುರುತನ್ನು ನೋಡುವ ಪರೀಕ್ಷೆ ರೂಪಿಸಿದೆ. ಟೀಚರ್ ಕೇಳಿದ ಮೂತ್ರಪರೀಕ್ಷೆಗೆ ಹತ್ತಿರವಾದದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನದು. 2021ರಲ್ಲಿ 216 ಹೆಂಗಸರ ಮೂತ್ರವನ್ನೂ ಯೋನಿಯ ದ್ರವವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಎರಡೂ ಸೇರಿ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ ಸುಮಾರು 92 ಮಂದಿಯನ್ನು ಹಿಡಿದವು. ಇಲ್ಲದವರಲ್ಲಿ ನೂರಕ್ಕೆ ಸುಮಾರು 89 ಮಂದಿಗೆ ಇಲ್ಲವೆಂದು ಸರಿಯಾಗಿ ಹೇಳಿದವು.

ಕೇಳಲು ಬಹಳ ಚೆನ್ನಾಗಿದೆ. ಆದರೆ ಆ 216 ಮಂದಿ ಯಾರು ಎಂದು ನೋಡಿ: ಕ್ಯಾನ್ಸರ್ ಇದೆಯೆಂದು ಮೊದಲೇ ಗೊತ್ತಾದವರು, ಇಲ್ಲವೇ ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿಕೊಂಡು ಆಸ್ಪತ್ರೆಗೆ ಬಂದವರು. ಯಾವ ತೊಂದರೆಯೂ ಇಲ್ಲದ 38ರ ನಿಮಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಮಾತಿಗೆ, ತೊಂದರೆಯಿಲ್ಲದ ಸಾವಿರ ಹೆಂಗಸರಲ್ಲಿ ಐವರಿಗೆ ಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ಈ ಪರೀಕ್ಷೆ ಆ ಐವರಲ್ಲಿ ನಾಲ್ಕೈದು ಮಂದಿಯನ್ನು ಹಿಡಿಯಬಹುದು. ಜೊತೆಗೆ ಏನೂ ಇಲ್ಲದ ಸುಮಾರು 110 ಮಂದಿಯನ್ನೂ ಹೆದರಿಸಿ ಬಯಾಪ್ಸಿಗೆ ಕಳುಹಿಸುತ್ತದೆ. ಇವು ಮುಂದೆ ಬರಲಿ ಎಂದು ನಾನೂ ಹಾರೈಸುತ್ತೇನೆ, ಬರುವವರೆಗೆ ನಿಮ್ಮ ತಂಗಿಗೆ ಅದನ್ನು ನಂಬಿ ಕುಳಿತುಕೊಳ್ಳಿ ಎನ್ನಲಾರೆ.

ಉತ್ತರ 4: ಮೇಣದ ಬ್ಲಾಕ್

ನಾನು ರೋಗಶಾಸ್ತ್ರ ವಿಭಾಗದ ಲ್ಯಾಬಿನಲ್ಲಿ ತಂತ್ರಜ್ಞ. ರಕ್ತದ ಜೀನ್ ಪರೀಕ್ಷೆಗೂ ಮೊದಲು ನೋಡಬೇಕಾದ ಒಂದು ವಸ್ತು ಇದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಂಡುಗಳನ್ನು ನಾವು ಎಸೆಯುವುದಿಲ್ಲ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಬಿಳಿಯ ಮೇಣ. ಅದರ ನಡುವೆ ಚೂರಡಿಕೆಯಷ್ಟಿನ ಕಂದು ಮಾಂಸದ ಹೋಳು. ಅಂಚಿನಲ್ಲಿ ಒಂದು ಸಂಖ್ಯೆ ಮತ್ತು ವರ್ಷ. ಇದನ್ನೇ ಬ್ಲಾಕ್ ಎನ್ನುವುದು. ವರ್ಷಗಟ್ಟಲೆ ಅದು ಕಪಾಟಿನಲ್ಲಿ ಕೆಡದೆ ಇರುತ್ತದೆ. ಅದರಿಂದ ಕೂದಲಿಗಿಂತ ತೆಳುವಾದ ಪದರಗಳನ್ನು ಕೊಯ್ದು, ಡಾಕ್ಟರ್ ಮೇಲೆ ಹೇಳಿದ ನಾಲ್ಕು ಜೀನುಗಳ ಪ್ರೋಟೀನುಗಳಿಗೆ ಬಣ್ಣ ಹಾಕುತ್ತೇವೆ. ಪ್ರೋಟೀನು ಇದ್ದ ಕಡೆ ಕೋಶಕೇಂದ್ರ ಕಂದು ಬಣ್ಣಕ್ಕೆ ತಿರುಗುತ್ತದೆ, ಇಲ್ಲದ ಕಡೆ ನೀಲಿಯಾಗಿಯೇ ಉಳಿಯುತ್ತದೆ. ವರದಿಯಲ್ಲಿ ಇದನ್ನು ಎಂಎಂಆರ್ ಎಂದು ಬರೆದಿರುತ್ತದೆ.

ಕಾಸರಗೋಡಿನವರ ಕಷ್ಟವೆಂದರೆ ಕಾಗದಪತ್ರಗಳು ಚದುರಿರುವುದು. ಮೊದಲ ಬಯಾಪ್ಸಿ ಊರಿನಲ್ಲಿ, ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ, ಕಿಮೋ ತಲಶ್ಶೇರಿಯಲ್ಲಿ, ಮೂರು ಕಡೆ ಮೂರು ಸಂಖ್ಯೆ. ನಿಮಗೆ ಬೇಕಾದದ್ದು ಶಸ್ತ್ರಚಿಕಿತ್ಸೆಯಾದ ಆಸ್ಪತ್ರೆಯ ರೋಗಶಾಸ್ತ್ರ ವಿಭಾಗದ ವರದಿಯ ಮೇಲಿರುವ ಸಂಖ್ಯೆ. ಹೊರರೋಗಿ ಚೀಟಿಯ ಸಂಖ್ಯೆಯಿಂದ ಬ್ಲಾಕ್ ಹುಡುಕುವುದು ಕಷ್ಟ. ರೋಗಿಯ ಸಹಿಯಿರುವ ಒಂದು ಅರ್ಜಿ ಮತ್ತು ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ.

ಇನ್ನೂ ಒಂದು. ಕರುಳಿನ ಕ್ಯಾನ್ಸರಿನಲ್ಲಿ ಚಿಕಿತ್ಸೆ ನಿರ್ಧರಿಸಲು ಈಗ ಅನೇಕ ಕಡೆ ಎಂಎಂಆರ್ ಪರೀಕ್ಷೆಯನ್ನು ತಾವಾಗಿಯೇ ಮಾಡುತ್ತಾರೆ. ನಿಮ್ಮ ಮಾವನ ಕಡತದಲ್ಲಿ ಅದು ಆಗಲೇ ಇದ್ದರೂ ಇರಬಹುದು. ಹೊಸದಾಗಿ ಹಣ ಕಟ್ಟುವ ಮೊದಲು ಅದನ್ನು ತೆರೆದು ನೋಡಿ.

ಉತ್ತರ 5: ಪೆರ್ಲದವಳು

ಟೀಚರ್, ನನಗೆ 41 ವರ್ಷ. ಐದು ವರ್ಷದ ಹಿಂದೆ ನನ್ನಲ್ಲಿ ಎಂಎಸ್‌ಎಚ್6 ದೋಷವಿದೆಯೆಂದು ತಿಳಿಯಿತು. ಮೂರು ಸಲ ಒಳಪದರದ ಬಯಾಪ್ಸಿ ಮಾಡಿಸಿಕೊಂಡಿದ್ದೇನೆ. ನಿಮ್ಮ ತಂಗಿಗಾಗಿ ಅದು ಹೇಗಿರುತ್ತದೆ ಎಂದು ಬರೆಯುತ್ತೇನೆ, ಏಕೆಂದರೆ ಬಯಾಪ್ಸಿ ಎಂಬ ಪದಕ್ಕೆ ನಾನೂ ಕತ್ತಿ, ಅರಿವಳಿಕೆ ಎಂದೆಲ್ಲ ಕಲ್ಪಿಸಿಕೊಂಡು ಒಂದು ವರ್ಷ ಮುಂದೂಡಿದ್ದೆ.

ಪೈಪೆಲ್ ಎನ್ನುತ್ತಾರೆ. ಬಾಲ್‌ಪೆನ್ನಿನ ರೀಫಿಲ್‌ನಂಥ ಮೆದುವಾದ ಪ್ಲಾಸ್ಟಿಕ್ ನಳಿಕೆ, ಸುಮಾರು ಮೂರು ಮಿಲಿಮೀಟರ್ ದಪ್ಪ. ಹೊರರೋಗಿ ವಿಭಾಗದಲ್ಲೇ ಮಾಡಿದರು. ಹೊಟ್ಟೆನೋವಿನ ಮಾತ್ರೆಯನ್ನು ಒಂದು ಗಂಟೆ ಮೊದಲೇ ನುಂಗಲು ಹೇಳಿದ್ದರು. ನಳಿಕೆಯ ಒಳಗಿನ ಕಡ್ಡಿಯನ್ನು ಹಿಂದೆಳೆದಾಗ ಬರುವ ನೋವು ಮುಟ್ಟಿನ ಮೊದಲ ದಿನದ ಕೆಟ್ಟ ನೋವಿನಂಥದು, ಹತ್ತು ಹದಿನೈದು ಸೆಕೆಂಡು. ನನಗೆ ಎರಡನೆಯ ಸಲ ತಲೆ ಸುತ್ತಿತು, ಅರ್ಧ ಗಂಟೆ ಮಲಗಿದೆ; ಆಮೇಲೆ ಬಸ್ಸಿನಲ್ಲೇ ಮನೆಗೆ ಬಂದೆ. ನೋವೇ ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ತಂಗಿ ಮದುವೆಯಾಗದವಳಾದ್ದರಿಂದ ಅದನ್ನು ಮೊದಲೇ ಹೇಳಲಿ; ಬೇಕಿದ್ದರೆ ಸ್ವಲ್ಪ ಮಂಪರು ಕೊಟ್ಟು ಮಾಡುವ ಏರ್ಪಾಡು ಇದೆ. ಲಿಂಚ್ ಇದ್ದವರಿಗೆ ಹೇಗೂ ಒಂದೆರಡು ವರ್ಷಕ್ಕೊಮ್ಮೆ ಕರುಳಿನ ಕೊಲೊನೊಸ್ಕೋಪಿ ಇರುತ್ತದಲ್ಲ, ಆ ಮಂಪರಿನಲ್ಲೇ ಇದನ್ನೂ ಮಾಡಿಸಿಕೊಳ್ಳಬಹುದೇ ಎಂದು ಕೇಳಿ. ನನ್ನ ಮೂರನೆಯದು ಹಾಗೆಯೇ ಆಯಿತು, ಗೊತ್ತೇ ಆಗಲಿಲ್ಲ.

ಮಕ್ಕಳಾದ ಮೇಲೆ, ನಲ್ವತ್ತರ ಆಸುಪಾಸಿನಲ್ಲಿ ಗರ್ಭಾಶಯ ತೆಗೆಸುವ ಆಯ್ಕೆಯನ್ನೂ ವೈದ್ಯರು ನನ್ನ ಮುಂದಿಟ್ಟಿದ್ದಾರೆ. ಅತ್ತೆಗೆ ಇದು ಒಪ್ಪಿಗೆಯಿಲ್ಲ. ‘ಏನೂ ಆಗದ ಗರ್ಭಕೋಶವನ್ನು ಯಾಕೆ ತೆಗೆಸುವುದು’ ಎನ್ನುತ್ತಾರೆ. ಅಂಡಾಶಯವನ್ನೂ ತೆಗೆದರೆ ಮುಟ್ಟು ಒಮ್ಮೆಲೇ ನಿಲ್ಲುವುದರಿಂದ ಹಾರ್ಮೋನು ಮಾತ್ರೆ ಬೇಕಾಗುತ್ತದಂತೆ. ನಾನಿನ್ನೂ ಯೋಚಿಸುತ್ತಿದ್ದೇನೆ.

ಉತ್ತರ 6: ಮುಳ್ಳೇರಿಯದಿಂದ

ನಡುವೆ ನನ್ನದೊಂದು ಸಣ್ಣ ಪ್ರಶ್ನೆ. ನನ್ನ ಚಿಕ್ಕಮ್ಮ ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುತ್ತಿದ್ದಾರೆ, ಮುಟ್ಟು ನಿಂತಿದೆ. ಅವರೂ ಪ್ರತಿವರ್ಷ ಸ್ಕ್ಯಾನ್ ಮಾಡಿಸಬೇಕೇ?

ಉತ್ತರ 7: ಗಡಿಯಾಚೆಯ ಡಾಕ್ಟರ್

ಮುಳ್ಳೇರಿಯದವರಿಗೆ: ಟ್ಯಾಮಾಕ್ಸಿಫೆನ್ ಆ ವಯಸ್ಸಿನಲ್ಲಿ ಗರ್ಭಾಶಯದ ಕ್ಯಾನ್ಸರಿನ ಸಾಧ್ಯತೆಯನ್ನು ಎರಡು ಮೂರು ಪಟ್ಟು ಹೆಚ್ಚಿಸುತ್ತದೆ, ನಿಜ. ಆದರೆ ಅದೇ ಔಷಧ ಒಳಪದರವನ್ನು ಸ್ಕ್ಯಾನಿನಲ್ಲಿ ಸುಮ್ಮನೆ ದಪ್ಪವಾಗಿ ಕಾಣಿಸುವಂತೆಯೂ ಮಾಡುತ್ತದೆ. ಆದ್ದರಿಂದ ತೊಂದರೆಯಿಲ್ಲದವರಿಗೆ ವರ್ಷವರ್ಷ ಸ್ಕ್ಯಾನ್ ಬೇಡ. ಒಂದು ಹನಿ ರಕ್ತ ಕಂಡರೂ ಆ ವಾರವೇ ಬರಬೇಕು. ಮಾತ್ರೆಯನ್ನು ಹೆದರಿ ನಿಲ್ಲಿಸಬಾರದು.

ಪೆರ್ಲದವರು ಬರೆದದ್ದರಲ್ಲಿ ನಾನು ಸೇರಿಸುವುದು ಇಷ್ಟೇ. ಪೈಪೆಲ್ ಇಡೀ ಒಳಗೋಡೆಯನ್ನು ಕೆರೆಯುವುದಿಲ್ಲ, ಒಂದು ಮೂಲೆಯ ಪಾಲಿಪ್ (ಒಳಪದರದಿಂದ ಚಾಚಿದ ಸಣ್ಣ ಬೆಳವಣಿಗೆ) ತಪ್ಪಿಹೋಗಬಹುದು. ಹಾಗಾಗಿ ವರದಿ ಸರಿಯಿದ್ದರೂ ಮುಟ್ಟಿನ ನಡುವೆ ರಕ್ತ ಕಾಣಿಸುತ್ತಲೇ ಇದ್ದರೆ ಹಿಸ್ಟರೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ನಳಿಕೆಯಿಂದ ಗರ್ಭಾಶಯದ ಒಳಗೆ, ಮಾಡಿ ನೋಡಬೇಕಾಗುತ್ತದೆ.

ಉತ್ತರ 8: ಬದಿಯಡ್ಕದ ಟೀಚರ್

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಮಾವನ ಮನೆಗೆ ಹೋಗಿ ಕಡತವನ್ನು ಪೂರ್ತಿ ಬಿಡಿಸಿ ನೋಡಿದೆ. ಬಿಲ್ಲುಗಳ ನಡುವೆ ಮಡಚಿಟ್ಟಿದ್ದ ಒಂದು ಹಾಳೆಯಲ್ಲಿ ನಾಲ್ಕು ಸಾಲುಗಳಿದ್ದವು. ಎಂಎಲ್‌ಎಚ್1, ಪಿಎಂಎಸ್2 ಇದೆ. ಎಂಎಸ್‌ಎಚ್2, ಎಂಎಸ್‌ಎಚ್6 ಇಲ್ಲ ಎಂದು ಅದರ ಅರ್ಥವೆಂದು ತಿಳಿಯುತ್ತೇನೆ. ಏಳು ತಿಂಗಳಿನಿಂದ ಅದು ಅಲ್ಲೇ ಇತ್ತು. ಅದರ ಅರ್ಥವನ್ನು ಮಾವನಿಗೆ ಯಾರೂ ಹೇಳಿರಲಿಲ್ಲ. ಈಗ ಅಮ್ಮನ ಬ್ಲಾಕನ್ನೂ ಹುಡುಕಿಸಬೇಕೇ?

ಉತ್ತರ 9: ಮೇಣದ ಬ್ಲಾಕ್

ಸದ್ಯಕ್ಕೆ ಬೇಡ. ಎಂಎಸ್‌ಎಚ್2 ಇಲ್ಲದಿದ್ದರೆ ಅದರ ಜೊತೆಗಾರ ಎಂಎಸ್‌ಎಚ್6 ಕೂಡ ಉಳಿಯುವುದಿಲ್ಲ, ಹಾಗಾಗಿ ಎರಡೂ ಒಟ್ಟಿಗೆ ಹೋಗಿವೆ. ಇದು ಲಿಂಚ್‌ನತ್ತ ಬಲವಾಗಿ ಬೆರಳು ತೋರಿಸುವ ಫಲಿತಾಂಶ. ಮೊದಲು ಮಾವನ ರಕ್ತದಲ್ಲಿ ಎಂಎಸ್‌ಎಚ್2, ಎಂಎಸ್‌ಎಚ್6 ಮತ್ತು ಎಂಎಸ್‌ಎಚ್2ರ ಪಕ್ಕದಲ್ಲಿರುವ ಎಪಿಕ್ಯಾಮ್ ಜೀನುಗಳನ್ನು ನೋಡಲಿ. ದೋಷ ಯಾವ ಜಾಗದಲ್ಲಿದೆ ಎಂದು ಬರಹದಲ್ಲಿ ಕೈಗೆ ಸಿಕ್ಕಿದ ಮೇಲೆ, ಅಮ್ಮನಿಗೂ ಅದೇ ಜಾಗವನ್ನಷ್ಟೇ ನೋಡಿದರೆ ಸಾಕು, ಖರ್ಚೂ ಕಡಿಮೆ. ಅಮ್ಮನಲ್ಲಿ ಕಂಡರೆ ನೀವು ಮತ್ತು ತಂಗಿ. ನಿಮ್ಮಲ್ಲಿ ಯಾರಿಗೆ ಅದು ಇಲ್ಲವೆಂದು ಬರುತ್ತದೋ ಅವರಿಗೆ ಪೈಪೆಲ್ ಬೇಡ, ಕೊಲೊನೊಸ್ಕೋಪಿಯ ಸರಣಿಯೂ ಬೇಡ. ಅವರ ಅಪಾಯ ಊರಿನ ಉಳಿದವರಷ್ಟೇ. ಆ ಹಾಳೆಯ ನಾಲ್ಕು ಪ್ರತಿ ತೆಗೆಸಿ, ಒಂದನ್ನು ಮಾವನ ಮಕ್ಕಳಿಗೂ ಕೊಡಿ.